ಫಾಬಿಯಾನನ ಜ್ಞಾನಸ್ನಾನ

೧೯೭೫ ನವೆಂಬರ್ ೨೩, ಭಾನುವಾರ

ಮಗು ಹುಟ್ಟಿ ಮೂರು ವಾರ ದಾಟಿತು. ಇನ್ನೂ ಜ್ಞಾನಸ್ನಾನವಾಗಿಲ್ಲ.

ಇದನ್ನು ಯಾರ ಮುಂದೆ ಹೇಳಿದರೂ ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಾಲದಲ್ಲಿ ತಾಯಿ ಹಾಸಿಗೆ ಬಿಟ್ಟು ಏಳುವ ಮೊದಲೇ ಕೂಸನ್ನು ಕಂಬಳಿಯಲ್ಲಿ ಸುತ್ತಿ ದೇವಾಲಯಕ್ಕೆ ಎತ್ತಿಕೊಂಡು ಓಡುತ್ತಿದ್ದರು. ನನ್ನ ಮಗಳು ಒದೀಲ್‌ಳನ್ನೂ ಹಾಗೇ ಒಯ್ದದ್ದು. ಈಗ ಅವಳೇ ತಾಯಿ. "ಅದಕ್ಯಾಕಮ್ಮ ಅಷ್ಟು ಅವಸರ?" ಎನ್ನುತ್ತಾಳೆ.

ಅವಸರ ಯಾಕೆಂದು ಅವಳಿಗೆ ಗೊತ್ತು. ಹುಟ್ಟಿನಿಂದಲೇ ಮಗುವಿನ ಹೃದಯದಲ್ಲಿ ತೂತಿದೆ. ಜೋರಾಗಿ ಅತ್ತರೆ ತುಟಿ, ಉಗುರು ಎಲ್ಲ ನೀಲಿಗಟ್ಟುತ್ತವೆ. ಸ್ವಲ್ಪ ಮೈತುಂಬಿದ ಮೇಲೆ ಆಪರೇಷನ್ ಮಾಡೋಣ, ಅಲ್ಲಿಯವರೆಗೆ ಜೋಪಾನ ಎಂದಿದ್ದಾರೆ ನಾಂತ್‌ನ ದೊಡ್ಡಾಸ್ಪತ್ರೆಯ ಡಾಕ್ಟರು. ಅಲ್ಲಿಯವರೆಗೆ! ಅಲ್ಲಿಯವರೆಗೆ ಉಳಿಯದಿದ್ದರೆ?

ಫಾಬಿಯಾನ್ ಎಂದು ಹೆಸರಿಟ್ಟಿದ್ದಾರಂತೆ. ತಲೆಯ ಮೇಲೆ ನೀರು ಬೀಳದೆ ಅದು ಹೆಸರಲ್ಲ. ನಾನು ಮಗು ಎಂದೇ ಬರೆಯುತ್ತೇನೆ.

ಇವತ್ತು ವಿಧವೆ ಬ್ರೊಶಾರ್ ಅವರ ಹುಲ್ಲಿನ ಕೊಟ್ಟಿಗೆಯಲ್ಲಿ ಪೂಜೆ. ಅಬೆ ತೆಕ್ಸಿಯೆ ಗುರುಗಳು ಹಳೆಯ ಲ್ಯಾಟಿನ್ ಪೂಜೆಯನ್ನು ಬಿಡಲೊಲ್ಲೆ ಎಂದದ್ದಕ್ಕೆ ಬಿಷಪ್ಪರು ಅವರಿಗೆ ಊರ ದೇವಾಲಯದ ಬಾಗಿಲು ಮುಚ್ಚಿಸಿದರು. ಅಂದಿನಿಂದ ನಾವೊಂದಿಷ್ಟು ಜನ ಅಲ್ಲೇ ಸೇರುತ್ತೇವೆ. ಚಳಿಗೆ ಎಲ್ಲರ ಬಾಯಿಂದಲೂ ಹೊಗೆ. ಶುಭಸಂದೇಶ ಕಡೆಯ ದಿನಗಳದ್ದು: ಪವಿತ್ರ ಸ್ಥಳದಲ್ಲಿ ಅಸಹ್ಯ ಬಂದು ನಿಲ್ಲುವುದು, ಜನ ಬೆಟ್ಟಕ್ಕೆ ಓಡುವುದು. ಗುರುಗಳು ದನಿ ಏರಿಸಲಿಲ್ಲ. ಏರಿಸಿದ್ದರೆ ಇಷ್ಟು ಹೆದರುತ್ತಿರಲಿಲ್ಲವೇನೋ.

"ಪೀಠ ತಿರುಗಿಸಿದ್ರು, ಸುಮ್ಮನಿದ್ರಿ. ಲ್ಯಾಟಿನ್ ತೆಗೆದ್ರು, ಸುಮ್ಮನಿದ್ರಿ. ಈಗ ಮಕ್ಕಳ ಉಪದೇಶದಿಂದ ಜನ್ಮಪಾಪಾನೂ ನರಕಾನೂ ತೆಗೆದಿದ್ದಾರೆ. ಕೊಳೆಯೇ ಇಲ್ಲ ಅಂದ್ಮೇಲೆ ತೊಳೆಯೋಕೆ ನೀರು ಯಾಕೆ ಬೇಕು? ಬಿಡಿಸಿಕೊಳ್ಳೋದು ಏನೂ ಇಲ್ಲ ಅಂದ್ಮೇಲೆ ಶಿಲುಬೆ ಮೇಲೆ ಯಾಕೆ ಒಬ್ಬ ಸಾಯಬೇಕಿತ್ತು?"

ಮನೆಗೆ ಬಂದಾಗ ಕ್ಲೆಮಾನ್ ಆಗಲೇ ಊರ ದೇವಾಲಯದಿಂದ ಬಂದು ಸೂಪು ಕುಡಿಯುತ್ತಿದ್ದ. ನನ್ನ ಗಂಡ ಕೊಟ್ಟಿಗೆಗೆ ಬರುವುದಿಲ್ಲ. ತನ್ನ ತಲೆಗೆ ನೀರು ಬಿದ್ದ ದೇವಾಲಯಕ್ಕೇ ಹೋಗುತ್ತೇನೆ, ಒಳಗೆ ಕೋತಿ ಕುಣಿಸಿದರೂ ಸರಿ ಎನ್ನುವವನು.

"ಏನಂದ್ರು ನಿಮ್ಮ ಕೊಟ್ಟಿಗೆ ಪೋಪು?" ಎಂದ.

"ಲೋಕ ಮುಗೀತಾ ಬಂತು ಅಂದ್ರು."

"ನಮ್ಮಲ್ಲಿ ಗಿಟಾರು ಬಾರಿಸಿದ್ರು. ಎರಡೂ ಒಂದೇ ಅನ್ಸುತ್ತೆ."

ನಗು ಬರಲಿಲ್ಲ.

ನವೆಂಬರ್ ೨೭, ಗುರುವಾರ

ಹೋಗಬಾರದೆಂದಿದ್ದೆ. ಹೋದೆ. ಊರ ದೇವಾಲಯದ ಹೊಸ ಗುರುವನ್ನು ಕಂಡೆ. ಉಣ್ಣೆಯ ಸ್ವೆಟರ್ ಹಾಕಿಕೊಂಡು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.

"ಫಾದರ್ ಅಂತ ಬೇಡಿ ಮದಾಂ ಗಾಬೊರಿ, ರೆನೊ ಅನ್ನಿ ಸಾಕು."

"ಆಗಲಿ ಫಾದರ್," ಎಂದೆ. ನಾಲಿಗೆ ಹೊರಳಬೇಕಲ್ಲ.

ಒಳಗೆ ಕೂರಿಸಿ ಕಾಫಿ ಕೊಟ್ಟರು. ಕೆಟ್ಟವರಲ್ಲ. ಅದೇ ಹೆಚ್ಚು ಹೆದರಿಕೆ. ಜ್ಞಾನಸ್ನಾನವೆಂದರೆ ತಂದೆತಾಯಿ ಯೋಚಿಸಿ ಕೈಗೊಳ್ಳುವ ಪ್ರಯಾಣವಂತೆ. ಒದೀಲ್ ಮತ್ತು ಅಳಿಯ ಇನ್ನೂ ಹೊರಟಿಲ್ಲವಂತೆ. ಅವರನ್ನು ತಳ್ಳಿಕೊಂಡು ಬಂದು ಮಾಡಿಸಿದರೆ ಅದು ಬರೀ ಶಾಸ್ತ್ರವಾಗುತ್ತದಂತೆ.

"ಮಗು ಅಷ್ಟರಲ್ಲಿ ಸತ್ತರೆ?" ಎಂದೆ.

"ದೇವರು ಕೂಸುಗಳನ್ನ ಬಾಗಿಲ ಹೊರಗೆ ನಿಲ್ಲಿಸಲ್ಲ ಮದಾಂ."

ನನಗೆ ಏನಾಯಿತೋ. ಯಾರಿಗೂ ಹೇಳದ್ದನ್ನು ಹುಡುಗನಂಥ ಆ ಗುರುವಿನ ಮುಂದೆ ಹೇಳಿಬಿಟ್ಟೆ. ಯುದ್ಧದ ಎರಡನೇ ಚಳಿಗಾಲ ಕ್ಲೆಮಾನ್ ಜರ್ಮನರ ಸೆರೆಯಲ್ಲಿದ್ದ. ನನಗೆ ಗಂಡುಮಗು ಹುಟ್ಟಿತು. ಒಂದು ಸಲ ಬಾಯಿ ತೆರೆಯಿತು, ಅಷ್ಟೇ. ಸೂಲಗಿತ್ತಿ ನನ್ನ ರಕ್ತ ನಿಲ್ಲಿಸುವುದರಲ್ಲಿದ್ದಳು. ನೀರಿನ ಕಡೆ ಯಾರೂ ನೋಡಲಿಲ್ಲ. ಸ್ಮಶಾನದ ಗೋಡೆಯ ಆಚೆ, ಬೇಲಿಯ ಬುಡದಲ್ಲಿ, ಗಂಟೆಯಿಲ್ಲದೆ, ಶಿಲುಬೆಯಿಲ್ಲದೆ ನನ್ನಪ್ಪ ಅದನ್ನು ಮಣ್ಣು ಮಾಡಿ ಬಂದ. ಅದು ಜ್ಞಾನಸ್ನಾನವಿಲ್ಲದ ಕೂಸುಗಳು ಸೇರುವ ಲಿಂಬೋದಲ್ಲಿದೆ ಎಂದರು. ಅಲ್ಲಿ ನೋವಿಲ್ಲ, ದೇವರ ಮುಖವೂ ಇಲ್ಲ. ನಾನು ಸತ್ತು ಎಷ್ಟೇ ಮೇಲಕ್ಕೆ ಹೋದರೂ ಅದನ್ನು ನೋಡಲಾರೆ.

ಅವರ ಕಣ್ಣು ಒದ್ದೆಯಾಯಿತು. "ಮದಾಂ, ನಿಮ್ಮ ಮಗ ದೇವರ ಹತ್ರ ಇದ್ದಾನೆ. ಈಗ ಆ ಲಿಂಬೋ ಅಂತ ಯಾರೂ ಹೇಳೋದೇ ಇಲ್ಲ."

"ಈಗ ಹೇಳೋದಿಲ್ಲ!" ಎಂದೆ. ಕಪ್ಪನ್ನು ಕುಕ್ಕಿದ್ದಕ್ಕೆ ಕಾಫಿ ಚೆಲ್ಲಿತು. "ಹಾಗಾದ್ರೆ ಆವಾಗ ಯಾಕೆ ಹೇಳಿದ್ರಿ? ನಾನು ಇಷ್ಟು ವರ್ಷ ಅತ್ತದ್ದು ಯಾತಕ್ಕೆ? ಅವತ್ತಿನ ಧರ್ಮಸಭೆ ಸುಳ್ಳು ಹೇಳಿದ್ದಾದ್ರೆ, ಇವತ್ತಿನದು ನಿಜ ಹೇಳುತ್ತೆ ಅಂತ ನಂಗೇನು ಗ್ಯಾರಂಟಿ?"

ಅವರು ಕರವಸ್ತ್ರದಿಂದ ಮೇಜು ಒರೆಸಿದರು.

ದಾರಿಯಲ್ಲಿ, ಅವರು ಹೇಳಿದ್ದು ನಿಜವಾಗಿರಲಿ ಎಂದು ಒಂದು ಕ್ಷಣ ಆಸೆಯಾಯಿತು. ಸೈತಾನ ಬರುವುದು ಹೀಗೆಯೇ, ಬೇಕಾದದ್ದನ್ನೇ ಕೈಯಲ್ಲಿ ಹಿಡಿದುಕೊಂಡು.

ಡಿಸೆಂಬರ್ ೪

ಶೋಲೆ ಪಟ್ಟಣಕ್ಕೆ, ಒದೀಲ್ ಮನೆಗೆ ಹೋಗಿ ಮಗುವನ್ನು ನೋಡಿ ಬಂದೆ. ಅಳಿಯ ಜಿಲ್ ಮನೆಯಲ್ಲೇ ಇದ್ದ. ಸರ್ಕಾರಿ ಶಾಲೆಯ ಮೇಷ್ಟ್ರು. ದೇವರ ವಿಷಯ ಎತ್ತಿದರೆ ಮಳೆಯ ವಿಷಯ ಎತ್ತಿದ ಹಾಗೆ ಕೇಳಿಸಿಕೊಳ್ಳುತ್ತಾನೆ.

"ದೊಡ್ಡವನಾದ್ಮೇಲೆ ಅವನೇ ಆರಿಸಿಕೊಳ್ಳಲಿ ಬಿಡಿ ಅತ್ತೆ."

"ಹಾಲು ಕುಡಿಯೋದನ್ನೂ ಅವನೇ ಆರಿಸಿಕೊಳ್ಳಲಿ ಅಂತ ಬಿಟ್ಟಿದ್ದೀರಾ?"

"ಹಾಲಿಲ್ದಿದ್ರೆ ಸಾಯ್ತಾನೆ."

"ನಾನು ಹೇಳ್ತಿರೋದೂ ಅದನ್ನೇ."

ಒದೀಲ್ ಬಟ್ಟೆ ಮಡಚುವುದನ್ನು ನಿಲ್ಲಿಸಿ, "ಸಾಕು ಮಾಡು ಅಮ್ಮ, ದಮ್ಮಯ್ಯ," ಎಂದಳು. ಮುಖ ಬಿಳಿಚಿಕೊಂಡಿತ್ತು. ನನ್ನ ಮೇಲಿನ ಸಿಟ್ಟು.

ದೇವರೇ, ಇದನ್ನು ಒಯ್ಯುವುದೇ ಆದರೆ ನೀರು ಬಿದ್ದ ಮೇಲೆ ಒಯ್ಯಿ. ಅಷ್ಟು ಮಾಡಿಕೊಟ್ಟರೆ ನಾನು ಬೇರೇನೂ ಕೇಳುವುದಿಲ್ಲ.

ಡಿಸೆಂಬರ್ ೮, ನಿಷ್ಕಳಂಕ ಮಾತೆಯ ಹಬ್ಬ

ಪಾಪನಿವೇದನೆ ಮಾಡಿದ ಮೇಲೆ ಅಬೆ ತೆಕ್ಸಿಯೆಯವರನ್ನು ಕೇಳಿಯೇಬಿಟ್ಟೆ. ಯಾರಿಗೂ ತಿಳಿಯದಂತೆ ನಾನೇ ಕೊಟ್ಟುಬಿಡಲೇ? ಅಗತ್ಯ ಬಿದ್ದರೆ ಯಾರು ಬೇಕಾದರೂ ಕೊಡಬಹುದೆಂದು ಒದೀಲ್ ಚಿಕ್ಕವಳಿದ್ದಾಗ ಊರ ಮಕ್ಕಳಿಗೆ ಅವರೇ ಕಲಿಸಿದ್ದು.

"ಕೂಡದು," ಎಂದರು. "ತಂದೆತಾಯಿ ಒಪ್ಪದೆ ಕೂಡದು. ಅದೂ ಸಭೆಯ ನಿಯಮವೇ. ಬೇಕಾದ ನಿಯಮ ಇಟ್ಟುಕೊಂಡು ಬೇಡದ್ದನ್ನ ಬಿಡೋದಕ್ಕೆ ನಾವೇನು ಆ ಹೊಸ ಪೂಜೆಯವರಾ?"

"ಸಾಯೋ ಹಾಗಾದ್ರೆ?"

"ಸಾಯೋ ಸ್ಥಿತಿ ಬಂದ್ರೆ ಮಾತ್ರ. ಆಗ ಯಾರನ್ನೂ ಕೇಳಬೇಡ."

"ಅದು ಸಾಯೋ ಸ್ಥಿತಿ ಅಂತ ನಂಗೆ ಹೇಗೆ ಗೊತ್ತಾಗಬೇಕು ಸ್ವಾಮಿ? ಆ ಮಗು ದಿನಾ ನೀಲಿಯಾಗುತ್ತೆ."

ಅವರು ಎದ್ದು ಮೇಣದಬತ್ತಿ ಆರಿಸುತ್ತ, "ಗೊತ್ತಾಗುತ್ತೆ," ಎಂದರು. ಅವರಿಗೂ ಗೊತ್ತಿಲ್ಲವೆಂದು ಅನ್ನಿಸಿತು.

ಎಷ್ಟು ನೀಲಿ ಅಂದರೆ ಸಾವು? ತುಟಿ ನೀಲಿಯಾದರೆ ಸಾಕೆ, ಕಿವಿಯವರೆಗೆ ಬರಬೇಕೆ? ಬೇಗ ಸುರಿದರೆ ಪಾಪ. ತಡವಾದರೆ ಎಂದೆಂದಿಗೂ ತಡ.

ಡಿಸೆಂಬರ್ ೧೫

ಅಡುಗೆಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ನೀರು ತಲೆಯ ಮೇಲೆ ಹರಿಯಬೇಕು, ಹರಿಯುವಾಗಲೇ ಮಾತೂ ಮುಗಿಯಬೇಕು. ಎರಡೂ ಒಟ್ಟಿಗೆ ಸರಿಹೋಗುತ್ತಿರಲಿಲ್ಲ. ಕ್ಲೆಮಾನ್ ಯಾವಾಗ ಬಂದು ಬಾಗಿಲಲ್ಲಿ ನಿಂತನೋ.

"ಎಲೆಕೋಸಿಗೆ ಏನು ಹೆಸರಿಟ್ಟೆ?" ಎಂದ.

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅವನು ಎಲೆಕೋಸನ್ನು ಒರೆಸಿ ಬುಟ್ಟಿಗೆ ಹಾಕಿದ. ಆಮೇಲೆ, ನನ್ನ ಕಡೆ ನೋಡದೆ, "ನಾನು ಆ ಮಗನ ಮುಖ ಸಹ ನೋಡಲಿಲ್ಲ, ಎರ್ಮೀನ್," ಎಂದ. ಇಷ್ಟು ವರ್ಷಗಳಲ್ಲಿ ಅವನು ಆ ಮಾತೆತ್ತಿದ್ದು ಇದೇ ಮೊದಲು.

ಡಿಸೆಂಬರ್ ೨೫

ಒದೀಲ್, ಜಿಲ್ ಮಗುವಿನ ಜೊತೆ ಬಂದಿದ್ದರು. ನಾನು ಕೊಟ್ಟಿಗೆಯ ಪೂಜೆಗೆ, ಕ್ಲೆಮಾನ್ ಊರ ದೇವಾಲಯಕ್ಕೆ, ಅವರು ಎಲ್ಲಿಗೂ ಇಲ್ಲ. ಒಂದೇ ಮೇಜಿನಲ್ಲಿ ಬಾತು ತಿಂದೆವು. ಮಗು ಕ್ಲೆಮಾನ್‌ನ ಮೀಸೆ ನೋಡಿ ನಕ್ಕಿತು. ಸುಮ್ಮನೆ ಬಾಯಿ ಅಲುಗಿದ್ದಲ್ಲ, ನಿಜವಾದ ನಗು. ಆಯಾಸವಾಗಿ ಕೂಡಲೇ ನಿದ್ದೆ ಹೋಯಿತು. ಎಲ್ಲರೂ ಮಾತು ನಿಲ್ಲಿಸಿ ಅದರ ಎದೆ ಏರಿಳಿಯುವುದನ್ನೇ ನೋಡುತ್ತ ಕುಳಿತೆವು.

೧೯೭೬ ಜನವರಿ ೭

ಒದೀಲ್ ಕೆಲಸಕ್ಕೆ ಹೋಗತೊಡಗಿದಳು. ವಾರವಿಡೀ ನಾನು ಇಲ್ಲಿ, ಶೋಲೆಯಲ್ಲಿ. ನನ್ನ ಕೈಗೆ ಮಗುವನ್ನು ಕೊಡುವ ಮೊದಲು ಅಳಿಯ ಒಂದು ಮಾತು ಹೇಳಿದ.

"ಅತ್ತೆ, ನಿಮ್ಮ ಮನಸ್ಸಲ್ಲಿ ಏನಿದೆ ಅಂತ ನಂಗೊತ್ತು. ನಮ್ಮ ಬೆನ್ನ ಹಿಂದೆ ಮಾಡಲ್ಲ ಅಂತ ನಂಬಿ ಬಿಟ್ಟು ಹೋಗ್ತಿದ್ದೀನಿ."

"ಸಾಯೋ ಹಾಗಾದ್ರೆ ನಿನ್ನ ಮಾತು ಕೇಳಲ್ಲ," ಎಂದೆ.

"ಸಾಯೋ ಹಾಗಾದ್ರೆ ಮೊಣಕಾಲು ಮಡಚಿ ಹೊಟ್ಟೆಗೆ ಒತ್ತಿ. ಡಾಕ್ಟರು ಹೇಳಿದ್ದು. ತೋರಿಸ್ತೀನಿ ಬನ್ನಿ." ತೋರಿಸಿದ. ಎರಡು ಮೊಣಕಾಲನ್ನೂ ಮಡಚಿ, ಹೊಟ್ಟೆಗೆ ಒತ್ತಿ, ಎತ್ತಿ ಭುಜಕ್ಕೆ ಆನಿಸಿ ಹಿಡಿಯಬೇಕು. ಬಿಡಬಾರದು. ಎರಡು ಸಲ ನನ್ನ ಕೈಯಲ್ಲೂ ಮಾಡಿಸಿದ.

ಒಲೆಯ ಪಕ್ಕ ಶುದ್ಧ ನೀರಿನ ಹೂಜಿ ಇಟ್ಟುಕೊಂಡಿದ್ದೇನೆ. ಬೆಚ್ಚಗಿರಲೆಂದು ಆಗಾಗ ಬದಲಾಯಿಸುತ್ತೇನೆ.

ಜನವರಿ ೧೯

ಬೆಳಿಗ್ಗೆಯ ಬಾಟಲಿಯಲ್ಲಿ ಅರ್ಧ ಕುಡಿದ. ಮಧ್ಯಾಹ್ನದ್ದು ಪೂರ್ತಿ! ಬೇಗ ಬೇಗ ಹೀರಿದರೆ ದಣಿಯುತ್ತಾನೆ. ನಡುವೆ ನಿಲ್ಲಿಸಿ ಬೆನ್ನು ಸವರಬೇಕು. ಎಡಗಡೆ ಮಲಗಿಸಿದರೆ ಹಿತ. ಹಳೇ ಹಾಡು ಹೇಳಿದರೆ ಕಣ್ಣು ದೊಡ್ಡದು ಮಾಡುತ್ತಾನೆ. ಕೆನ್ನೆ ಒಂದಿಷ್ಟು ತುಂಬಿದೆ, ನಾನು ಹೇಳಿದರೆ ಒದೀಲ್ ನಂಬುವುದಿಲ್ಲ. ಫಾಬಿಯಾನ್ ಎಂದು ಕರೆದರೆ ತಿರುಗಿ ನೋಡುತ್ತಾನೆ.

ಜನವರಿ ೨೯, ಗುರುವಾರ

ಬರೆಯಲು ಈಗ ಕೈ ಬರುತ್ತಿದೆ.

ಊಟದ ಹೊತ್ತು ದಾಟಿತ್ತು. ಎದ್ದವನೇ ಅಳಲು ಶುರುಮಾಡಿದ. ಹಸಿವೆಂದು ಬಾಟಲಿ ಕಾಯಿಸುತ್ತಿದ್ದೆ. ಅಳು ಥಟ್ಟನೆ ನಿಂತಿತು. ತಿರುಗಿ ನೋಡಿದರೆ ತುಟಿ ನೀಲಿಯಲ್ಲ, ಕಪ್ಪು. ಕಿವಿ, ಹಣೆ, ಬೆರಳು ಎಲ್ಲ. ಕಣ್ಣು ಮೇಲಕ್ಕೆ ಹೋಗಿತ್ತು. ಇದೇ ಅದು ಎಂದು ತಿಳಿಯಿತು. ಗುರುಗಳು ಹೇಳಿದ್ದು ಸರಿ, ಗೊತ್ತಾಗುತ್ತದೆ.

ಮೊಣಕಾಲು ಮಡಚಿದೆ. ಹೊಟ್ಟೆಗೆ ಒತ್ತಿದೆ. ಎತ್ತಿ ಭುಜಕ್ಕೆ ಆನಿಸಿ ಎರಡೂ ಕೈಯಲ್ಲಿ ಬಿಗಿಹಿಡಿದೆ. "ಉಸಿರಾಡೋ, ಉಸಿರಾಡೋ ನನ್ನಪ್ಪ, ಪುಟ್ಟಾ, ಉಸಿರಾಡು," ಅನ್ನುತ್ತಲೇ ಇದ್ದೆ. ಅದೊಂದೇ ಮಾತು. ಕಾಲುಗಳು ಸತ್ತ ಹಕ್ಕಿಯ ಕಾಲಿನಂತೆ ನನ್ನ ಎದೆಗೆ ಒತ್ತಿದ್ದವು. ಹಾಲು ಉಕ್ಕಿ ಒಲೆಯ ಮೇಲೆ ಸುಡುತ್ತಿತ್ತು. ಎಷ್ಟು ಹೊತ್ತೋ ತಿಳಿಯದು. ಆಮೇಲೆ ನನ್ನ ಕುತ್ತಿಗೆಗೆ ಒಂದು ಸಣ್ಣ ಬಿಸಿಯುಸಿರು ತಾಗಿತು. ಮತ್ತೊಂದು. ಕೆಮ್ಮಿದ. ಅತ್ತ. ಆ ಅಳುವಿನಂಥ ದನಿ ನಾನು ಹುಟ್ಟಿದಾಗಿನಿಂದ ಕೇಳಿಲ್ಲ.

ಕೆಳಗಿನ ಮನೆಯವಳು ಹೊಗೆಯ ವಾಸನೆಗೆ ಓಡಿಬಂದು ಫೋನ್ ಮಾಡಿ ಡಾಕ್ಟರನ್ನು ಕರೆಸಿದಳು. ಇನ್ನು ಕಾಯುವಂತಿಲ್ಲವಂತೆ, ಹದಿನೈದು ದಿನದೊಳಗೆ ಆಪರೇಷನ್.

ಎಲ್ಲರೂ ಹೋದ ಮೇಲೆ ಒಲೆ ಒರೆಸಲು ಹೋದೆ. ಹೂಜಿ ಅಲ್ಲೇ ಇತ್ತು, ಕೈಗೆಟುಕುವಷ್ಟು ಹತ್ತಿರದಲ್ಲಿ.

ನಾನು ನೀರು ಹಾಕಲಿಲ್ಲ. ನೆನಪೇ ಆಗಲಿಲ್ಲ. ಎರಡು ತಿಂಗಳಿನಿಂದ ಕಾದಿದ್ದ ಕ್ಷಣದಲ್ಲಿ ನೆನಪೇ ಆಗಲಿಲ್ಲ. ಅವನು ಹೋಗಿಬಿಟ್ಟಿದ್ದರೆ? ನನ್ನ ತೋಳಿನಲ್ಲೇ ಇನ್ನೊಬ್ಬ ಹಾಗೆ ಹೋಗಿದ್ದರೆ?

ಜನವರಿ ೩೦

ಒದೀಲ್ ಇವತ್ತು ರಜೆ ಹಾಕಿದಳು. ಜಿಲ್ ಶಾಲೆಗೆ ಹೋದ. ಬೆಳಿಗ್ಗೆ ಅವಳು ಇಸ್ತ್ರಿ ಮಾಡುತ್ತಿದ್ದಳು. ನಾನು ತಡೆಯಲಾರದೆ ಎಲ್ಲ ಹೇಳಿದೆ. ಹೂಜಿಯ ಸಂಗತಿ, ಮರೆತದ್ದು.

"ಈಗಲೇ ಮಾಡಿಸೋಣ ಒದೀಲ್. ನಿನ್ನ ಕಾಲು ಹಿಡೀತೀನಿ. ಯಾವ ಗುರು ಆದ್ರೂ ಸರಿ. ಆ ಸ್ವೆಟರಿನವನೇ ಆದ್ರೂ ಸರಿ."

ಅವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು.

"ಬೇಡಮ್ಮ. ಆಗಿದೆ."

"ಏನಾಗಿದೆ?"

"ಆಸ್ಪತ್ರೇಲೇ. ಹೃದಯದಲ್ಲಿ ತೂತಿದೆ ಅಂತ ಹೇಳಿದ್ರಲ್ಲ, ಆವತ್ತು. ಜಿಲ್ ನಿಮಗೆ ಫೋನ್ ಮಾಡೋಕೆ ಕೆಳಗೆ ಹೋಗಿದ್ದ. ಮುಖ ತೊಳೆಯೋ ನಲ್ಲಿ ಕೆಳಗೆ ಹಿಡಿದೆ. ಪಿತನ, ಸುತನ, ಪವಿತ್ರಾತ್ಮನ ಹೆಸರಲ್ಲಿ ಅಂತ, ಅಬೆ ತೆಕ್ಸಿಯೆ ನಮಗೆ ಗೊಂಬೆ ಇಟ್ಟು ಕಲಿಸಿದ್ರಲ್ಲ, ಹಾಗೇ ಹೇಳಿದೆ. ತಣ್ಣೀರಿಗೆ ಬೆಚ್ಚಿ ಕಿರುಚಿದ. ನರ್ಸ್ ಬಂದಳು, ತಲೆ ತೊಳೀತಿದ್ದೆ ಅಂದೆ."

ನನಗೆ ಕುರ್ಚಿ ಸಿಗಲಿಲ್ಲ. ನೆಲದ ಮೇಲೇ ಕೂತೆ.

"ಮೂರು ತಿಂಗಳು ನನ್ನ ಬೇಯಿಸಿದೆಯಲ್ಲೇ, ಒಂದು ಮಾತು ಹೇಳೋಕಾಗಲಿಲ್ವಾ?"

"ಹೇಳಿದ್ರೆ ನೀನು ಗೆದ್ದೆ ಅಂದ್ಕೋತಿದ್ದೆ." ಅವಳೂ ಬಂದು ಪಕ್ಕದಲ್ಲಿ ಕೂತಳು. "ನಂಬಿ ಮಾಡಿದ್ದಲ್ಲಮ್ಮ. ಹೆದರಿ ಮಾಡಿದ್ದು. ಜಿಲ್‌ಗೆ ಹೇಳಿಲ್ಲ. ಹೇಗೆ ಹೇಳ್ಲಿ? ನೀವಿಬ್ರೂ ಜಗಳ ಆಡೋವಾಗೆಲ್ಲ ನಂಗೆ ನೆಲ ಬಿರಿಯಬಾರದಾ ಅನ್ಸೋದು."

ಒಳಗೆ ಅವನು ಎದ್ದ ಸದ್ದಾಯಿತು. ಇಬ್ಬರೂ ಒಟ್ಟಿಗೇ ಎದ್ದು ಓಡಿದೆವು.

ಫೆಬ್ರವರಿ ೧, ಭಾನುವಾರ

ಸಂತೋಷ ಒಂದು ದಿನವೂ ಪೂರ್ತಿ ಉಳಿಯಲಿಲ್ಲ. ನಂಬದವಳು ಕೊಟ್ಟದ್ದು ಸಲ್ಲುತ್ತದೆಯೇ? ಪೂಜೆ ಮುಗಿದ ಮೇಲೆ ಗುರುಗಳನ್ನು ಕೊಟ್ಟಿಗೆಯ ಹಿಂದೆ ಕರೆದು ಕೇಳಿದೆ.

"ನೀರು ಹರಿಯಿತಾ?"

"ನಲ್ಲಿ ಕೆಳಗೆ ಹಿಡಿದಳಂತೆ."

"ಮಾತು ಸರಿಯಾಗಿ ಹೇಳಿದಳಾ?"

"ನೀವೇ ಕಲಿಸಿದ್ದಂತೆ."

"ಸಭೆ ಮಾಡೋದನ್ನೇ ಮಾಡಬೇಕು ಅಂತ ಮಾಡಿದಳಾ?"

"ಹೆದರಿ ಮಾಡಿದೆ ಅಂತಾಳೆ ಸ್ವಾಮಿ."

ಅವರ ಮುಖದಲ್ಲಿ ಅಪರೂಪಕ್ಕೆ ನಗು ಕಂಡಿತು. "ಏನೂ ಇಲ್ಲ ಅಂದ್ಕೊಂಡವಳಿಗೆ ಹೆದರಿಕೆ ಯಾಕೆ ಬರುತ್ತೆ? ಅದು ಸಲ್ಲುತ್ತೆ. ಇನ್ನೊಂದು ಸಲ ಯಾರೂ ಕೊಡಬಾರದು."

ಹೊರಡಬೇಕಿತ್ತು. ಹೊರಡಲಿಲ್ಲ. "ನನ್ನ ಮೊದಲನೆಯವನು?" ಎಂದೆ.

ಅವರು ಪೂಜಾವಸ್ತ್ರ ಮಡಚುತ್ತಿದ್ದವರು ನಿಲ್ಲಿಸಿದರು. ಲಿಂಬೋ ಎಂಬುದನ್ನು ಸಭೆ ಎಂದೂ ವಿಶ್ವಾಸದ ಸತ್ಯವೆಂದು ಸಾರಿಲ್ಲ, ಪಂಡಿತರು ಹೇಳಿದ್ದು, ನಾವು ಕಲಿಸಿದ್ದು ಎಂದರು.  ಆ ಸ್ವೆಟರಿನವರು ಹೇಳಿದ್ದರೆ ನಂಬುತ್ತಿರಲಿಲ್ಲ, ಹೇಳಿದ್ದು ಇವರೇ.

"ಮತ್ತೆ ಗೋಡೆ ಆಚೆ ಯಾಕೆ ಹೂಳಿಸಿದ್ರಿ?"

"ನಾನೇ ಎಷ್ಟೋ ಕೂಸುಗಳನ್ನ ಹಾಗೆ ಕಳಿಸಿದ್ದೀನಿ, ಎರ್ಮೀನ್. ನಿಯಮ ಇತ್ತು. ದೇವರು ಕೇಳಿದ್ರೆ ನಿಯಮ ಇತ್ತು ಅಂತೀನಿ. ಅವನೇನಂತಾನೋ." ಮಡಚಿದ ವಸ್ತ್ರವನ್ನು ಮತ್ತೆ ಬಿಚ್ಚಿದರು. "ಈ ಹೊಸಬರು ದೇವರು ಬರೀ ಒಳ್ಳೆಯವನು ಅಂತಾರಲ್ಲ, ಅದಕ್ಕೇ ನಂಗೆ ಸಿಟ್ಟು. ಹೆದರಿಕೆ ಗೊತ್ತಿಲ್ಲದವರು ಹೇಳೋ ಮಾತದು. ನಾನು ಆ ಒಳ್ಳೆಯತನ ಬೇಡಿಕೊಂಡೇ ಸಾಯಬೇಕು."

ಅವರೂ ಹೆದರುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಫೆಬ್ರವರಿ ೧೨, ನಾಂತ್

ಬೆಳಿಗ್ಗೆ ಬೇಗ ಒಳಗೆ ಒಯ್ದರು. ಬಾಗಿಲು ಮುಚ್ಚುವಾಗ ಅವನು ನನ್ನ ಕಡೆ ನೋಡಿದ, ಅಥವಾ ದೀಪದ ಕಡೆ.

ಆಸ್ಪತ್ರೆಯ ಉದ್ದನೆಯ ಪಡಸಾಲೆ. ಒದೀಲ್ ಗೋಡೆಗೆ ಹಣೆ ಹಚ್ಚಿ ನಿಂತಿದ್ದಳು. ಜಿಲ್ ಅತ್ತಿಂದಿತ್ತ ನಡೆದು ನಡೆದು ಕೊನೆಗೆ ನನ್ನ ಪಕ್ಕ ಕುಕ್ಕರಿಸಿದ.

"ಅತ್ತೆ, ನೀವು ಅದೇನೋ ಹೇಳ್ಕೋತೀರಲ್ಲ. ಹೇಳಿ. ನಂಗೆ ಕೇಳೋ ಹಾಗೆ ಹೇಳಿ. ಸುಮ್ಮನಿರೋದಕ್ಕಿಂತ ವಾಸಿ."

ಜಪಸರ ಹಿಡಿದು ಜೋರಾಗಿ ಹೇಳುತ್ತ ಹೋದೆ. ಅವನು ಅಂಗೈಗಳಲ್ಲಿ ಮುಖವಿಟ್ಟು ಕೇಳುತ್ತಿದ್ದ. ಒದೀಲ್ ಅರ್ಧ ಪ್ರಾರ್ಥನೆಗೆ ದನಿಗೂಡಿಸಿ, ಅರ್ಧಕ್ಕೆ ನಿಲ್ಲಿಸುತ್ತಿದ್ದಳು. ನಡುವೆ ಎಲ್ಲೋ ನನ್ನ ಬಾಯಿ ಮರಿಯಮ್ಮನವರ ಹೆಸರು ಹೇಳುತ್ತಿದ್ದರೂ ಮನಸ್ಸು ಬೇರೆ ಯಾರನ್ನೋ ಮಾತಾಡಿಸುತ್ತಿತ್ತು. ನೀನು ಅಲ್ಲೇ ಇದ್ದೀಯಲ್ಲ, ನೋಡ್ಕೋ. ಪಾಪ ಚಿಕ್ಕವನು. ನಿನ್ನ ತಂಗಿಯ ಮಗ. ಅವನ ಕೈ ಹಿಡ್ಕೊಂಡಿರು, ಆ ಕಡೆಗೆ ಕರೀಬೇಡ, ಈ ಕಡೆಗೆ ಕಳಿಸು.

ಊಟದ ಹೊತ್ತು ಕಳೆದ ಮೇಲೆ ಡಾಕ್ಟರು ಮುಖವಸ್ತ್ರ ಇಳಿಸಿಕೊಂಡು ಬಂದರು. ಬದುಕಿದ್ದಾನೆ. ಮುಂದೆ ದೊಡ್ಡವನಾದಾಗ ಇನ್ನೊಂದು ಸಲ ಮಾಡಬೇಕಾಗಬಹುದು. ಈಗಂತೂ ಗಂಡಾಂತರ ಕಳೆಯಿತು ಎಂದರು. ಗಾಜಿನ ಆಚೆಯಿಂದ ತೋರಿಸಿದರು. ಮೈತುಂಬ ನಳಿಕೆಗಳು. ಕಾಲಿನ ಬೆರಳುಗಳು ಗುಲಾಬಿ ಬಣ್ಣ. ಹುಟ್ಟಿದಾಗಿನಿಂದ ಅವನಿಗೆ ಆ ಬಣ್ಣ ಇರಲಿಲ್ಲ.

ಕ್ಲೆಮಾನ್‌ಗೆ ಫೋನ್ ಮಾಡಿದೆ. ಆ ಕಡೆ ಮೂಗು ಒರೆಸಿಕೊಂಡ ಸದ್ದು. ಆಮೇಲೆ, "ಸರಿ, ದನಕ್ಕೆ ನೀರು ಕೊಡಬೇಕು," ಎಂದು ಇಟ್ಟುಬಿಟ್ಟ. ಅಳುತ್ತಿದ್ದ.

ಫೆಬ್ರವರಿ ೨೨, ಭಾನುವಾರ

ಕೊಟ್ಟಿಗೆಯಲ್ಲಿ ಪೂಜೆ. ನೇರಳೆ ವಸ್ತ್ರ. ಹೊಸ ಪಂಚಾಂಗದಲ್ಲಿ ತಪಸ್ಸುಕಾಲಕ್ಕೆ ಮುಂಚಿನ ಈ ಭಾನುವಾರಗಳನ್ನು ಕಿತ್ತುಹಾಕಿದ್ದಾರೆ. ಸಾವಿರ ವರ್ಷ ಜನ ಮೊಣಕಾಲೂರಿದ ದಿನಗಳನ್ನು ನಾಲ್ಕು ಜನ ಮೇಜಿನ ಸುತ್ತ ಕೂತು ಅಳಿಸಿದರು ಎಂದರು ಗುರುಗಳು. ಒಂದು ಮಾತೂ ತಪ್ಪಿಲ್ಲ. ಪ್ರತಿ ಮಾತನ್ನೂ ಒಪ್ಪುತ್ತೇನೆ. ಉಪದೇಶದ ಕೊನೆ ಮಾತ್ರ ಕೇಳಿಸಿಕೊಳ್ಳಲಾಗಲಿಲ್ಲ. ಫಾಬಿಯಾನ್ ನಿನ್ನೆಯಷ್ಟೇ ಮನೆಗೆ ಬಂದಿದ್ದಾನೆ, ಹಾಲಿನ ಹೊತ್ತಾಗಿತ್ತು, ಬಸ್ಸು ತಪ್ಪಿದರೆ ಕಷ್ಟ.

ಬರುವಾಗ ಸ್ಮಶಾನದ ಹಿಂದಿನ ದಾರಿಯಲ್ಲಿ ಬಂದೆ. ಯಾಕೋ.

ಆಸ್ಪತ್ರೆಯ ಪಡಸಾಲೆಯಲ್ಲಿ ಕೂತು ಹಾಗೆ ಬೇಡಿಕೊಂಡದ್ದು ಈಗ ಹೆದರಿಕೆ ಹುಟ್ಟಿಸುತ್ತಿದೆ. ಲಿಂಬೋದಲ್ಲಿರುವವರನ್ನು ಯಾರೂ ಬೇಡಿಕೊಳ್ಳುವುದಿಲ್ಲ. ಅವರು ದೇವರ ಮುಖ ಕಾಣದವರು, ನಮಗಾಗಿ ಏನನ್ನೂ ಕೇಳಲಾರರು. ಕೇಳಲಾರದವನ ಹತ್ತಿರ ಹೇಗೆ ಕೇಳಿದೆ? ಅದು ಪಾಪವಾಗಿದ್ದರೆ ನಿವೇದಿಸಬೇಕು. ಗುರುಗಳನ್ನು ಕೇಳಬೇಕೆಂದುಕೊಂಡೆ.

ಕೇಳಲಿಲ್ಲ. ಕೂಡದು ಎಂದುಬಿಟ್ಟರೆ?